ಕಡಿಮೆ ಕರೆಂಟು ತಿಂದ ಕಾಯಿಲ್

ಖಾನಾಪುರದಿಂದ ಮೂರನೆಯ ಕಾಯಿಲ್ ಸುಟ್ಟು ವಾಪಸು ಬಂದಾಗ ನಮ್ಮ ಸಾವುಕಾರರು ಅದನ್ನು ನನ್ನ ಮುಂದೆ ಒಗೆದು, "ಇದು ತಾನಾಗಿ ಸುಟ್ಟದ್ದಲ್ಲ ಅಕ್ಕಾ, ಯಾರೋ ಸುಟ್ಟಾರ" ಎಂದರು. ಅವರ ಸ್ವಭಾವವೇ ಹಾಗೆ. ಮಳೆ ಬಂದರೂ ಯಾರು ತರಿಸಿದರು ಎಂದು ಕೇಳುವ ಮನುಷ್ಯ. ನಾನೂ ಯಾರನ್ನೂ ಬೇಗ ನಂಬುವವಳಲ್ಲ. ಅದಕ್ಕೇ ಇರಬೇಕು, ನಮ್ಮಿಬ್ಬರಿಗೆ ಅಷ್ಟು ವರ್ಷ ಹೊಂದಿಕೆಯಾಯಿತು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿಯ ವಡಗಾವಿಯಲ್ಲಿ, ಮೊದಲು ಕೈಮಗ್ಗಗಳಿದ್ದ ಒಂದು ಉದ್ದನೆಯ ಪಡಸಾಲೆಯೇ ಅವರ ಕಾರಖಾನೆ. ಕರೆಂಟಿನ ಒಲೆಗೆ, ನೀರು ಕಾಯಿಸುವ ಹಂಡೆಗೆ ಹಾಕುವ ಕಾಯಿಲ್ ಅಲ್ಲಿ ತಯಾರಾಗುತ್ತಿತ್ತು. ಕಾಯಿಲ್ ಸುತ್ತಲು ಅವರು ಹುಡುಕಿ ತಂದದ್ದು ನೇಕಾರರ ಮನೆಯ ಹೆಣ್ಣುಮಕ್ಕಳನ್ನು. ನಾವು ಬುದ್ಧಿ ಬಂದಾಗಿನಿಂದ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತಿದವರು. ಇಲ್ಲಿ ನೂಲಿನ ಬದಲು ನೈಕ್ರೋಮ್ ಎಂಬ ಬಿರುಸು ತಂತಿ, ಕಂಡಿಕೆಯ ಬದಲು ಕಬ್ಬಿಣದ ಸಣ್ಣ ಸಲಾಕೆ. ತಿರುಗಿಸುವ ಕೈ ಅದೇ. ಸುತ್ತಿ ಮುಗಿಸಿ ಸಲಾಕೆ ಎಳೆದುಬಿಟ್ಟರೆ ಸ್ಪ್ರಿಂಗಿನಂಥ ಕಾಯಿಲ್ ಕೈಯಲ್ಲಿ ಉಳಿಯುತ್ತಿತ್ತು.

ಖಾನಾಪುರದ ಒಂದು ಮಹಿಳಾ ಸಂಘದವರು ಹಪ್ಪಳ ಮಾಡಿ ಮಾರುತ್ತಿದ್ದರು. ಮಳೆಗಾಲದಲ್ಲಿ ಆ ಊರಿನಲ್ಲಿ ಬಿಸಿಲು ಮುಖ ತೋರಿಸುವುದಿಲ್ಲ, ಲಟ್ಟಿಸಿದ ಹಪ್ಪಳಕ್ಕೆ ಬೂಸ್ಟು ಹಿಡಿಯುತ್ತದೆ. ಅದಕ್ಕೆಂದು ತಗಡು ಬಡಿದ ಕಪಾಟಿನಂಥ ಒಂದು ಪೆಟ್ಟಿಗೆ ಮಾಡಿಸಿದ್ದರು. ಮೇಲೆ ಜಾಳಿಗೆಯ ತಟ್ಟೆಗಳು, ತಳದಲ್ಲಿ ಪಿಂಗಾಣಿಯ ಕಾಲುವೆಗಳಲ್ಲಿ ಕೂರಿಸಿದ ನಾಲ್ಕು ಕಾಯಿಲ್. ಕಾಯಿಲ್ ನಮ್ಮವು. ಒಂದೊಂದೂ ಸಾವಿರ ವ್ಯಾಟಿನದು.

ಮಳೆಗಾಲ ಅರ್ಧ ಆಗುವುದರೊಳಗೆ ಮೂರು ಸುಟ್ಟವು. ಪೆಟ್ಟಿಗೆ ನೋಡಿಕೊಳ್ಳುವ ಹೆಣ್ಣುಮಗಳು ನೀರು ಇಳಿಯುವ ಹಪ್ಪಳವನ್ನು ಹಾಗೇ ತಟ್ಟೆಗೆ ಹಾಕುತ್ತಾಳೆ, ಉಪ್ಪುನೀರು ಕಾಯಿಲ್ ಮೇಲೆ ಬಿದ್ದು ಸುಡುತ್ತದೆ ಎಂದು ನಮ್ಮ ಸಾವುಕಾರರು ಇಲ್ಲಿ ಕೂತೇ ತೀರ್ಪು ಕೊಟ್ಟು ಸಂಘಕ್ಕೆ ತಿಳಿಸಿದರು. ಸಂಘದ ಅಧ್ಯಕ್ಷೆ ಹೇಳಿ ಕಳಿಸಿದರು: ನಿಮ್ಮವರು ಯಾರಾದರೂ ಬಂದು ಅದನ್ನು ಕಣ್ಣಿಗೆ ತೋರಿಸಲಿ, ತೋರಿಸಿದ ದಿನವೇ ಆಕೆಯನ್ನು ಕೆಲಸದಿಂದ ಬಿಡಿಸುತ್ತೇವೆ.

"ನೀ ಹೋಗಿ ಬಾ ಅಕ್ಕಾ. ಗಂಡಸರು ಹೋದರ ಅಲ್ಲಿ ಒಳಗ ಬಿಡೂದಿಲ್ಲ" ಎಂದರು ಸಾವುಕಾರರು.

"ನೀರು ಬಿದ್ದಿರಲಿಲ್ಲ ಅಂದ್ರ?"

"ಬಿದ್ದಿರತೈತಿ. ಇಲ್ಲಂದ್ರ ಆ ಪೆಟಗಿ ಕೂಡಿಸಿದ ವೈರ್‌ಮನ್ ಏನರ ಮಾಡಿರತಾನ. ನಮ್ಮ ಕಾಯಿಲ್ ಬದಲಿ ಮಾಡಿ ಹಲಕಾ ಮಾಲು ಹಾಕಿರಬೇಕು. ಅಳದು ನೋಡು, ಗೊತ್ತಾಗತೈತಿ."

ಅಳೆಯುವುದನ್ನು ಅವರು ಅಂದೇ ಕಲಿಸಿದರು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಅವರ ಹತ್ತಿರ ಎರಡು ಮೀಟರ್ ಇದ್ದವು, ಗಡಿಯಾರದಂಥ ಮುಖ, ಒಂದೊಂದು ಮುಳ್ಳು. ವೋಲ್ಟ್ ಮೀಟರಿನ ಎರಡು ತಂತಿಯನ್ನು ಕಾಯಿಲಿನ ಎರಡು ತುದಿಗೆ ಮುಟ್ಟಿಸಬೇಕು. ಆಂಪಿಯರ್ ಮೀಟರನ್ನು ಹಾಗೆ ಮುಟ್ಟಿಸಿದರೆ ಅದು ಅಲ್ಲೇ ಸತ್ತುಹೋಗುತ್ತದೆ. ಅದನ್ನು ದಾರಿಯ ನಡುವೆ ಇಡಬೇಕು, ಕಾಯಿಲಿಗೆ ಹೋಗುವ ಕರೆಂಟೆಲ್ಲ ಅದರೊಳಗಿಂದಲೇ ಹಾದುಹೋಗುವ ಹಾಗೆ. ವೋಲ್ಟ್ ಅಂದರೆ ಹಿಂದಿನಿಂದ ನೂಕುವ ಜೋರು, ಆಂಪಿಯರ್ ಅಂದರೆ ನಿಜವಾಗಿ ಹರಿದದ್ದು. ನೂಕಿದ್ದನ್ನು ಹರಿದದ್ದರಿಂದ ಭಾಗಿಸಿದರೆ ಆ ತಂತಿ ಎಷ್ಟು ತಡೆಯುತ್ತದೆ ಎನ್ನುವುದು ಬರುತ್ತದೆ, ಅದರ ಲೆಕ್ಕ ಓಮ್‌ನಲ್ಲಿ. ಎರಡನ್ನೂ ಗುಣಿಸಿದರೆ ಎಷ್ಟು ಕಾವು ಹುಟ್ಟುತ್ತದೆ ಎನ್ನುವ ಲೆಕ್ಕ, ಅದು ವ್ಯಾಟ್.

"ಭಾಗಿಸೂದ ಯಾಕ? ಕಳೀಬಾರದೇನು?" ಎಂದು ಕೇಳಿದೆ.

"ತಡೆ ಎರಡು ಪಟ್ಟಾದರ ಹರಿಯೂದು ಅರ್ಧ ಆಗತೈತಿ. ಕಳದರ ಅದು ಬರತೈತೇನು?" ಎಂದರು. ನನಗೆ ಅಷ್ಟು ಸಾಕಾಯಿತು.

ನಮ್ಮಲ್ಲೇ ಒಂದು ಹೊಸ ಕಾಯಿಲ್ ಕಟ್ಟಿ ತೋರಿಸಿದರು. ವೋಲ್ಟ್ ಇನ್ನೂರ ಮೂವತ್ತು, ಆಂಪಿಯರ್ ನಾಲ್ಕು ಮತ್ತು ಮೂರು ಸಣ್ಣ ಗೆರೆ. ಒಂದು ಆಂಪಿಯರಿಗೆ ಹತ್ತು ಗೆರೆ, ಅಂದರೆ ನಲವತ್ತಮೂರು ಗೆರೆ. ವೋಲ್ಟಿಗೂ ಒಂದು ಸೊನ್ನೆ ಹಚ್ಚಿ ಭಾಗಿಸು ಎಂದರು. ಎರಡು ಸಾವಿರದ ಮುನ್ನೂರನ್ನು ನಲವತ್ತಮೂರರಿಂದ ಭಾಗಿಸಿದರೆ ಐವತ್ತಮೂರು, ಮೇಲೆ ಸ್ವಲ್ಪ ಉಳಿಯಿತು. "ಐವತ್ತೆರಡು ಐವತ್ತಮೂರು ಬಂದರ ಮಾಲು ನಮ್ಮದು. ಬ್ಯಾರೆ ಬಂದರ ಕಳ್ಳತನ" ಎಂದು ಮೀಟರುಗಳನ್ನು ಹತ್ತಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಟ್ಟರು.

ಮರುದಿನ ಲೋಂಡಾ ಕಡೆಗೆ ಹೋಗುವ ಪ್ಯಾಸೆಂಜರ್ ಗಾಡಿ ಹತ್ತಿ ಖಾನಾಪುರದಲ್ಲಿ ಇಳಿದೆ. ಚೀಲವನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ.

ಸಂಘದ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಹೆಂಗಸರು ಹಪ್ಪಳ ಲಟ್ಟಿಸುತ್ತಿದ್ದರು. ನಾನು ಒಳಗೆ ಕಾಲಿಟ್ಟ ಕೂಡಲೇ ಲಟ್ಟಣಿಗೆಯ ಸಪ್ಪಳ ನಿಂತಿತು. ನಾನು ಯಾಕೆ ಬಂದಿದ್ದೇನೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಪೆಟ್ಟಿಗೆಯ ಹತ್ತಿರ ನಿಂತಿದ್ದ ಹೆಣ್ಣುಮಗಳಿಗೆ ಮೂವತ್ತು ವರ್ಷವೂ ಇರಲಿಕ್ಕಿಲ್ಲ. ಗಂಡ ದುಡಿಯಲು ಗೋವೆಗೆ ಹೋದವನು ತಿರುಗಿ ಬಂದಿಲ್ಲ ಎಂದು ಅಧ್ಯಕ್ಷೆ ಮೊದಲೇ ಹೇಳಿದ್ದರು, ಕನಿಕರಕ್ಕೆ ಹೇಳಿದರೋ ಅನುಮಾನಕ್ಕೆ ಹೇಳಿದರೋ ತಿಳಿಯಲಿಲ್ಲ. ಆಕೆ ನಮಸ್ಕಾರ ಮಾಡಲಿಲ್ಲ. ಮಾಡಬೇಕೆಂದು ನನಗೂ ಅನಿಸಲಿಲ್ಲ.

ವೈರ್‌ಮನ್ ಹೊರಗೆ ಬೀಡಿ ಸೇದುತ್ತಿದ್ದವನು ಎದ್ದು ಬಂದ. ಊರಿನ ಕಟ್ಟಿಗೆ ಕೊಯ್ಯುವ ಅಡ್ಡೆಗಳ ಮೋಟರು ನೋಡುವವನು, ಈ ಪೆಟ್ಟಿಗೆ ಕೂಡಿಸಿದವನೂ ಅವನೇ. ಮನೆಮಾತು ಮರಾಠಿ, ನನ್ನ ಜೊತೆ ಕನ್ನಡ, ಚಿಕ್ಕಮ್ಮ ಎನ್ನುವುದಕ್ಕೆ ಮಾತ್ರ ಮಾವಶಿ.

"ಯಾ ಮಾವಶಿ, ಬರ್ರಿ. ಸಾಕ್ಷಿ ಹೇಳಾಕ ಬಂದೀರೋ, ಶಿಕ್ಷಾ ಕೊಡಾಕ ಬಂದೀರೋ?"

"ಅಳೀಲಿಕ್ಕೆ ಬಂದೀನಿ" ಎಂದೆ.

"ಅಳೀರಿ. ಮೊದಲ ನನ್ನ ಎತ್ತರ ಅಳಕೋರಿ, ಆಮ್ಯಾಲ ಅಂವ ಓಡಿಹೋದ ಅಂದ್ರ ಪತ್ತೆ ಹಚ್ಚಾಕ ಬೇಕಾದೀತು."

ಹೆಂಗಸರು ನಕ್ಕರು. ನಾನು ನಗಲಿಲ್ಲ. ಬಾಯಿ ಜೋರಿದ್ದವನ ಕೈ ನೋಡಬೇಕು ಎಂದು ಅವನ ಕೈ ನೋಡಿದೆ. ಪಕ್ಕಡ, ಅಂದರೆ ಇಕ್ಕಳ, ಹಿಡಿದು ಹಿಡಿದು ಬೆರಳು ದಪ್ಪಗಾಗಿದ್ದವು.

ಮೊದಲು ನೀರಿನ ಮಾತು. ಪೆಟ್ಟಿಗೆ ಆರಿಸಿ ತಟ್ಟೆ ತೆಗೆಸಿ, ತಳಕ್ಕೆ ಕಣ್ಣು ಹಚ್ಚಿ ನೋಡಿದೆ. ಉಪ್ಪುನೀರು ಕಾದ ಕಡೆ ಬಿದ್ದರೆ ಬಿಳಿ ಕಲೆ ಉಳಿಯಬೇಕು. ಬೆರಳಿಂದ ಒರೆಸಿ ನಾಲಿಗೆಗೆ ಹಚ್ಚಿಕೊಂಡೆ. ಬರೀ ಉದ್ದಿನ ಹಿಟ್ಟಿನ ಧೂಳು.

"ಅಕ್ಕಾರ, ಕೆಂಪಗ ಕಾದ ಪಿಂಗಾಣಿ ಮ್ಯಾಲ ನೀರ ಬಿದ್ರ ಅದು ಸೀಳತೈತಿ" ಎಂದಳು ಪೆಟ್ಟಿಗೆಯವಳು. "ಒಂದರ ಸೀಳೈತೇನು ನೋಡ್ರಿ."

ಸೀಳಿರಲಿಲ್ಲ. ಅದು ನನಗೂ ಹೊಳೆದಿತ್ತು, ಆದರೆ ಆಕೆಯ ಬಾಯಿಂದ ಕೇಳಲು ಮನಸ್ಸಿರಲಿಲ್ಲ. "ನೀ ಪಿಂಗಾಣಿ ಬದಲಿ ಮಾಡಿಸಿರಬಹುದು" ಎಂದೆ.

"ಪಿಂಗಾಣಿ ಎಲ್ಲಿಂದ ತರಲಿ? ನಮ್ಮಪ್ಪನ ಅಂಗಡಿ ಐತೇನು?" ಎಂದು ಹಿಂದೆ ಸರಿದು ನಿಂತಳು.

ಎರಡನೆಯದು ವೋಲ್ಟ್. ಹೆಚ್ಚು ವೋಲ್ಟ್ ಬಂದರೆ ಯಾವ ಕಾಯಿಲ್ ಆದರೂ ಸುಡುತ್ತದೆ, ಅದು ಹೌದಾದರೆ ತಪ್ಪು ಯಾರದೂ ಅಲ್ಲ. ಮೀಟರ್ ಹಚ್ಚಿದರೆ ಮುಳ್ಳು ಇನ್ನೂರಕ್ಕೆ ನಿಂತಿತು. ಕಟ್ಟಿಗೆ ಅಡ್ಡೆಗಳು ನಡೆಯುವ ಹೊತ್ತು, ಊರಿಗೆ ಬರುವುದೇ ಅಷ್ಟು ಎಂದ ವೈರ್‌ಮನ್. ಊಟದ ಹೊತ್ತಿಗೆ ಗರಗಸ ನಿಂತಾಗ ಮತ್ತೆ ನೋಡಿದೆ, ಇನ್ನೂರ ಇಪ್ಪತ್ತರ ಮೇಲೆ ಹೋಗಲಿಲ್ಲ. ನಮ್ಮ ಬೆಳಗಾವಿಗಿಂತ ಕಡಿಮೆಯೇ. ಇನ್ನೂರಕ್ಕೆ ಈ ಕಾಯಿಲ್ ಸಾವಿರ ವ್ಯಾಟ್ ಕೊಡುವುದೂ ಇಲ್ಲ, ಸುಡುವ ಮಾತು ದೂರ.

ಉಳಿದದ್ದು ವೈರ್‌ಮನ್. ಅವನೇ ಇರಬೇಕು ಎಂದು ನನ್ನ ಮನಸ್ಸು ಆಗಲೇ ಗಟ್ಟಿ ಮಾಡಿಕೊಂಡಿತ್ತು. ಒಲೆಯ ಕಾಯಿಲ್ ತುಂಡಾದರೆ ಎರಡು ತುದಿ ಹಿಡಿದೆಳೆದು ತಿರುವಿ ಜೋಡಿಸುವುದು ಆಗ ಮನೆಮನೆಯಲ್ಲೂ ಇತ್ತು, ವೈರ್‌ಮನ್‌ಗಳಂತೂ ಅದನ್ನೇ ರಿಪೇರಿ ಎನ್ನುತ್ತಿದ್ದರು. ಇವನು ನಮ್ಮ ಹೊಸ ಕಾಯಿಲನ್ನು ಬೇರೆ ಕಡೆ ಸಾಗಿಸಿ, ಜೋಡಿಸಿದ ಹಳೆಯದನ್ನು ಇಲ್ಲಿ ಹಾಕಿರಬಹುದು. ಜೋಡಿಸುವಾಗ ಸುಟ್ಟ ತುಂಡು ಹೋಗಿ ತಂತಿ ಗಿಡ್ಡಾಗುತ್ತದೆ. ಗಿಡ್ಡಾದರೆ ತಡೆ ಕಡಿಮೆ, ಕರೆಂಟು ಹೆಚ್ಚು, ಮತ್ತೆ ಸುಡುತ್ತದೆ. ಅಳೆದರೆ ಹೆಚ್ಚು ಆಂಪಿಯರ್ ತೋರಿಸಬೇಕು, ತೋರಿಸಿದ ಕೂಡಲೇ ಹಿಡಿಯಬಹುದು.

ಆಗ ಪೆಟ್ಟಿಗೆಯಲ್ಲಿ ಮೂರೇ ಕಾಯಿಲ್ ಇದ್ದವು, ನಾಲ್ಕನೆಯ ಜಾಗ ಖಾಲಿ, ತಪ್ಪು ಯಾರದೆಂದು ತಿಳಿಯುವವರೆಗೆ ಹೊಸದು ಹಾಕಿರಲಿಲ್ಲ. ಅಧ್ಯಕ್ಷೆಯೂ ಬಂದು ನಿಂತರು. ಒಂದೊಂದನ್ನೇ ಬಿಡಿಸಿ ಆಂಪಿಯರ್ ಮೀಟರನ್ನು ನಡುವೆ ಇಟ್ಟು ಕಟ್ಟಲು ವೈರ್‌ಮನ್‌ಗೆ ಹೇಳಿದೆ. ಅವನು ಕಟ್ಟಿದ್ದನ್ನು ಪ್ರತಿ ಸಲ ನಾನು ಎಳೆದು ನೋಡಿದೆ.

ಮೊದಲನೆಯದು ಮೂವತ್ತೆಂಟು ಗೆರೆ. ಗರಗಸ ಮತ್ತೆ ಶುರುವಾಗಿ ವೋಲ್ಟ್ ಇನ್ನೂರಕ್ಕೇ ಇಳಿದಿತ್ತು, ಅದಕ್ಕೆ ಸೊನ್ನೆ ಹಚ್ಚಿ ಎರಡು ಸಾವಿರವನ್ನು ಮೂವತ್ತೆಂಟರಿಂದ ಭಾಗಿಸಿದೆ, ಸೀಮೆಸುಣ್ಣದಿಂದ ನೆಲದ ಮೇಲೆ. ಐವತ್ತೆರಡು, ಮೇಲೆ ಇಪ್ಪತ್ತನಾಲ್ಕು ಉಳಿಯಿತು. ಮಾಲು ನಮ್ಮದು. ಎರಡನೆಯದೂ ಮೂವತ್ತೆಂಟು.

ಮೂರನೆಯದರಲ್ಲಿ ಮುಳ್ಳು ಮೂವತ್ತೈದಕ್ಕೆ ಬಂತು. ಅಲ್ಲೂ ಗಟ್ಟಿಯಾಗಿ ನಿಲ್ಲಲಿಲ್ಲ, ನಡುಗುತ್ತಿತ್ತು.

ನನಗೆ ಗೊಂದಲವಾಯಿತು. ಹೆಚ್ಚು ತಿನ್ನುವುದನ್ನು ಹುಡುಕಲು ಬಂದವಳಿಗೆ ಕಡಿಮೆ ತಿನ್ನುವುದು ಸಿಕ್ಕಿತ್ತು. "ಇದು ಸುಡೂದಿಲ್ಲ ಬಿಡು, ಕರೆಂಟು ಕಡಿಮಿ ತಗೋತೈತಿ" ಎಂದೆ.

ವೈರ್‌ಮನ್ ತಲೆ ಅಲ್ಲಾಡಿಸಿದ. "ಮಾವಶಿ, ಮುಂದ ಸುಡೂದು ಇದ. ಬರದ ಇಟಗೋರಿ."

"ನಿನಗ ಹೆಂಗ ಗೊತ್ತು? ನೀ ಏನ ಮಾಡೀದಿ ಇದಕ್ಕ?"

"ನಾ ಏನೂ ಮಾಡಿಲ್ಲ. ಈ ಹಿಂದ ಸುಟ್ಟಾವಲ್ಲ, ಅವೂ ಸಾಯೂ ಮೊದಲ ಹಿಂಗ ಮಾಡಿದ್ವು. ಆ ಮೂಲಿ ಹಪ್ಪಳ ಹಸಿ ಉಳೀತಿದ್ವು. ಕೇಳ್ರಿ ಈಕಿನ್ನ."

"ಖರೇ ಐತಿ" ಎಂದಳು ಪೆಟ್ಟಿಗೆಯವಳು. "ನಾ ನಿಮ್ಮ ಸಾವಕಾರಗ ಹೇಳಿ ಕಳಿಸಿದ್ನಿ. ನಿನ್ನ ಕೆಲಸ ನೀ ನೋಡು ಅಂದ್ರು."

ಇಬ್ಬರೂ ಕೂಡಿ ಮಾತು ಕಟ್ಟಿದ್ದಾರೆ ಎಂದು ನನಗೆ ಅನಿಸಿತು. ಆದರೂ ಭಾಗಿಸಿದೆ. ಎರಡು ಸಾವಿರ, ಮೂವತ್ತೈದು. ಐವತ್ತೇಳು. ನಮ್ಮ ಮಾಲಿಗಿಂತ ಐದು ಓಮ್ ಹೆಚ್ಚು. ತಂತಿ ಉದ್ದ ಇದ್ದರೆ ಹಾಗೆ ಬರಬಹುದು ಎಂದುಕೊಂಡು, ಆರಿಸಿ ತಣ್ಣಗಾಗಲು ಬಿಟ್ಟು, ಮೂರೂ ಕಾಯಿಲಿನ ಸುತ್ತು ಎಣಿಸಿದೆ. ಸುತ್ತು ಎಣಿಸುವುದರಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ. ಮೂರೂ ಒಂದೇ. ತಂತಿಯ ದಪ್ಪವೂ ಒಂದೇ.

"ಹಂಗಾದ್ರ ಈ ಐದು ಓಮ್ ಎಲ್ಲಿ ಕುಂತೈತಿ?" ಎಂದೆ. ಜೋರಾಗಿ ಕೇಳಿದ್ದು ನನಗೆ ನಾನೇ.

"ಕತ್ತಲಿ ಮಾಡಿ ನೋಡೂಣು" ಎಂದ ಅವನು.

ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಅದನ್ನು ಮತ್ತೆ ಹಚ್ಚಿ, ನಾನು, ಅಧ್ಯಕ್ಷೆ ಇಬ್ಬರೂ ಕಂಬಳಿಯೊಳಗೆ ತಲೆ ಹಾಕಿದೆವು. ಕಾಯಿಲ್ ಉದ್ದಕ್ಕೂ ಮಂದ ಕೆಂಪು. ತುದಿಯಿಂದ ಒಂದು ಗೇಣು ದೂರದಲ್ಲಿ ಒಂದೇ ಒಂದು ಚುಕ್ಕೆ ಬೆಳ್ಳಗೆ ಉರಿಯುತ್ತಿತ್ತು, ಕಣ್ಣಿಗೆ ಚುಚ್ಚುವಷ್ಟು.

ವೈರ್‌ಮನ್ ಸೀಮೆಸುಣ್ಣ ಇಸಿದುಕೊಂಡ. ಮೂರೂವರೆ ಆಂಪಿಯರ್ ಆ ಐದು ಓಮ್ ದಾಟಬೇಕಾದರೆ ಅಲ್ಲಿ ಹದಿನೇಳೂವರೆ ವೋಲ್ಟ್ ಇಳಿಯುತ್ತದೆ. ಅದನ್ನು ಮತ್ತೆ ಮೂರೂವರೆಯಿಂದ ಗುಣಿಸಿದ. ಅರವತ್ತೊಂದು ವ್ಯಾಟ್ ಬಂತು. ನಾನು ನಂಬದೆ ಮೊದಲಿನಿಂದ ಗುಣಿಸಿದೆ. ಅಷ್ಟೇ ಬಂತು.

"ಅರವತ್ತರ ಬಲ್ಬು, ಬಾಯಾರ" ಎಂದ ಅಧ್ಯಕ್ಷೆಗೆ. "ಜ್ವಾಳದ ಕಾಳಿನಷ್ಟು ಜಾಗಾದಾಗ. ಇಡೀ ಕಾಯಿಲ್ ಕಡಿಮಿ ಉಣ್ಣತೈತಿ, ಆ ಒಂದು ಕಾಳು ಮಾತ್ರ ಹೊಟ್ಟಿ ಒಡೆಯೂಹಂಗ ಉಣ್ಣತೈತಿ. ಅದ ಸುಡೂದು."

ಲೆಕ್ಕ ಸರಿಯಿತ್ತು. ಅದು ಅವನ ಬಾಯಿಂದ ಬಂದದ್ದೇ ನನ್ನ ಅನುಮಾನ. ಇಷ್ಟು ತಿಳಿದವನಿಗೆ ಮಾಡುವುದೂ ತಿಳಿದಿರುತ್ತದೆ.

ಕಾಯಿಲ್ ತಣ್ಣಗಾದ ಮೇಲೆ ಬಿಚ್ಚಿಸಿಕೊಂಡು ತೊಡೆಯ ಮೇಲೆ ಹಾಕಿಕೊಂಡೆ. ಚುಕ್ಕೆ ಕಂಡ ಜಾಗದಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ವೈರ್‌ಮನ್ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ, ಅವನಿಗೂ ಕಾಣಲಿಲ್ಲ. ನಾನು ಕಣ್ಣು ಮುಚ್ಚಿಕೊಂಡು, ನೂಲು ನೋಡುವ ಹಾಗೆ, ಕಿರುಬೆರಳಿನ ತುದಿಯನ್ನು ಸುತ್ತಿನ ಒಳಬದಿಗೆ ಆಡಿಸಿದೆ. ಸಿಕ್ಕಿತು. ತಂತಿ ತುಂಡಾಗಿತ್ತು, ಎರಡು ತುದಿ ತಿರುವಿ ಸೇರಿಸಿ, ಸೇರಿಸಿದ ಗಂಟು ಸುತ್ತಿನ ಒಳಗೆ ಬೀಳುವ ಹಾಗೆ ಸುತ್ತಿದ್ದರು. ಕಾದು ಕಾದು ಆ ಗಂಟಿಗೆ ಕಿಟ್ಟ ಹಿಡಿದು ಪುಡಿಯಾಗುತ್ತಿತ್ತು. ತಡೆ ಹೆಚ್ಚಿದ್ದು ಅಲ್ಲಿ.

ಅದನ್ನು ಬಿಡಿಸಿ ಬೆಳಕಿಗೆ ಹಿಡಿದೆ. ಪಕ್ಕಡದಿಂದ ತಿರುವಿದರೆ ತಂತಿಯ ಮೇಲೆ ಹಲ್ಲಿನ ಗುರುತು ಉಳಿಯುತ್ತದೆ. ಇಲ್ಲಿ ಒಂದು ಗೀರೂ ಇರಲಿಲ್ಲ. ಉಗುರಿನಿಂದ ಎಡಕ್ಕೆ ಹೊಸೆದು, ತುದಿಯನ್ನು ಮಡಚಿ ಒಳಗೆ ತುರುಕಿದ ಗಂಟು. ಕಂಡಿಕೆಯ ಗಂಟು. ನೂಲು ಹರಿದರೆ ನಾವು ಹೀಗೇ ಮಾಡುತ್ತೇವೆ, ನೇಯ್ದ ಸೀರೆಯ ಮೇಲೆ ಬೆರಳಾಡಿಸಿದವರಿಗೆ ಗಂಟು ಸಿಗಬಾರದು, ಅದೇ ಜಾಣತನ. ಇಷ್ಟು ಸಣ್ಣಗೆ ಹೊಸೆಯುವ ಕೈ ನನಗೆ ಗೊತ್ತಿದ್ದದ್ದು ಒಂದೇ. ನನಗೆ ರಾಟಿ ಹಿಡಿಯಲು ಕಲಿಸಿದ ಮುದುಕಿಯದು. ಆಕೆ ಕಾರಖಾನೆಯಲ್ಲಿ ನನ್ನ ಬಾಜೂಕ್ಕೇ ಕೂತು ಸುತ್ತುತ್ತಿದ್ದಳು.

"ಏನ ಸಿಕ್ಕಿತ್ರಿ?" ಎಂದರು ಅಧ್ಯಕ್ಷೆ.

"ಗಂಟು" ಎಂದೆ.

"ಜೋಡಿಸಿದ್ದೇನು?" ಎಂದವರೇ ವೈರ್‌ಮನ್ ಕಡೆ ತಿರುಗಿದರು. ಅವರ ಮುಖ ಬದಲಾಯಿತು. ಅವನು ಮೊದಲ ಸಲ ನಗುವುದನ್ನು ನಿಲ್ಲಿಸಿದ.

ನಾನು ಸುಮ್ಮನಿದ್ದಿದ್ದರೆ ಸಾಕಾಗಿತ್ತು. ಯಾರೂ ನನ್ನನ್ನು ಸುಳ್ಳಿ ಎನ್ನುತ್ತಿರಲಿಲ್ಲ, ನಾನು ಹೇಳಿದ್ದು ಗಂಟು ಎಂಬ ಒಂದೇ ಮಾತು. ಕಾಯಿಲ್ ಜೋಡಿಸುವುದು ವೈರ್‌ಮನ್‌ಗಳ ಚಟ ಎಂದು ಊರಿಗೇ ಗೊತ್ತು. ಪೆಟ್ಟಿಗೆಯ ಬೀಗದ ಕೈ ಆ ಹೆಣ್ಣುಮಗಳ ಹತ್ತಿರ, ಅವನು ಜೋಡಿಸುವಾಗ ಆಕೆ ನೋಡಿಯೂ ಸುಮ್ಮನಿದ್ದಳು ಎಂದಾಗುತ್ತಿತ್ತು. ಇಬ್ಬರೂ ಹೋಗುತ್ತಿದ್ದರು, ಸಾವುಕಾರರು ನನ್ನ ಬೆನ್ನು ತಟ್ಟುತ್ತಿದ್ದರು. ಆದರೆ ಮುಳ್ಳು ಒಂದು ಹೇಳಿ ನಾನು ಇನ್ನೊಂದು ಹೇಳಿದರೆ ಅಷ್ಟೆಲ್ಲ ಭಾಗಾಕಾರ ಮಾಡಿದ್ದು ಯಾತಕ್ಕೆ? ಅದೂ ಅಲ್ಲದೆ, ಸುಳ್ಳು ನಿಂತರೆ ಮುಂದಿನ ವಾರ ಇನ್ನೊಂದು ಸುಡುತ್ತದೆ, ಆಗ ಮತ್ತೆ ಯಾರನ್ನು ಹಿಡಿಯುವುದು?

"ನಾವು ಕಳಿಸಿದ ಹೆಚ್ಚಿನ ಕಾಯಿಲಿನ ಪೊಟ್ಟಣ ಒಡೀದ ಇದ್ದದ್ದು ಐತೇನ್ರಿ?" ಎಂದು ಕೇಳಿದೆ.

ಕಪಾಟಿನಿಂದ ಪೊಟ್ಟಣ ಬಂತು. ನಮ್ಮ ಕಾರಖಾನೆಯ ಕಾಗದ, ನಮ್ಮದೇ ಅಂಟು, ಎಲ್ಲೂ ಬಿಚ್ಚಿರಲಿಲ್ಲ. ಅಧ್ಯಕ್ಷೆಯ ಕೈಯಿಂದಲೇ ಒಡೆಸಿದೆ. ಒಳಗಿದ್ದವುಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದೆ. ಮೊದಲನೆಯದು ಸ್ವಚ್ಛ. ಎರಡನೆಯದರಲ್ಲಿ ಸಿಕ್ಕಿತು. ಅಧ್ಯಕ್ಷೆಯ ಬೆರಳು ಹಿಡಿದು ಅದೇ ಜಾಗಕ್ಕೆ ಮುಟ್ಟಿಸಿದೆ.

"ಇದನ್ನ ಇಲ್ಲಿ ಯಾರೂ ಮುಟ್ಟಿಲ್ಲ" ಎಂದೆ. "ತಪ್ಪು ನಮ್ಮ ಕಾರಖಾನೀದು. ಈಕಿದಲ್ಲ, ಅವಂದೂ ಅಲ್ಲ."

ವೈರ್‌ಮನ್ ಆ ಹೊಸ ಕಾಯಿಲನ್ನೂ ಕಟ್ಟಿ ಅಳೆದ. ಮೂವತ್ತೆಂಟು ಗೆರೆಯೇ ಬಂತು. ಹೊಸದರಲ್ಲಿ ಗಂಟು ಬಿಗಿಯಾಗಿರುತ್ತದೆ, ಮೀಟರಿಗೂ ಸಿಗುವುದಿಲ್ಲ. ನಾಲ್ಕಾರು ಸಲ ಕೆಂಪಗೆ ಕಾಯಿಸಿ ಆರಿಸಿ ಮಾಡಿದ ಮೇಲೆ ಮೂವತ್ತೇಳಕ್ಕೆ ಇಳಿದು ಮುಳ್ಳು ನಡುಗಲು ಹತ್ತಿತು. "ಹಿಂಗ ಕಾಸಿ ಆಮ್ಯಾಲ ಅಳೀಬೇಕು ಮಾವಶಿ. ನಿಮ್ಮ ಸಾವಕಾರಗ ಹೇಳ್ರಿ" ಎಂದ. ನಾನು ಹೂಂ ಅಂದೆ.

ಮರುದಿನ ಕಾರಖಾನೆಯಲ್ಲಿ ಸಾವುಕಾರರು ಕಾಯಿಲ್ ನೋಡಿ, "ಯಾರ ಕೈ ಇದು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮುದುಕಿ ರಾಟಿ ನಿಲ್ಲಿಸದೆ ಹೇಳಿದಳು: "ನಂದು. ಮತ್ತ್ಯಾರಿಗೆ ಬರತೈತಿ ಅಷ್ಟು ಸಣ್ಣ ಗಂಟು?"

"ಗಂಟು ಹಾಕಂತ ಯಾರ ಹೇಳಿದ್ರು ನಿನಗ?"

"ಹಾಕಬ್ಯಾಡ ಅಂತ ಯಾರ ಹೇಳಿದ್ರು? ಹರದ್ರ ಗಂಟ ಹಾಕೂದ. ನೀವು ಬಲ್ಬ್ ಹಚ್ಚಿ ನೋಡ್ತಿದ್ರಿ, ಬಲ್ಬ್ ಹತ್ತತಿತ್ತು. ಹತ್ತತಿತ್ತೋ ಇಲ್ಲೋ?"

ಹತ್ತುತ್ತಿತ್ತು. ಮಾಲು ಕಳಿಸುವ ಮೊದಲು ನಮ್ಮಲ್ಲಿ ಮಾಡುತ್ತಿದ್ದ ಪರೀಕ್ಷೆ ಅದೊಂದೇ. ಕಾಯಿಲಿನ ಜೊತೆ ಒಂದು ಬಲ್ಬು ಕಟ್ಟಿ, ಬಲ್ಬು ಉರಿದರೆ ತಂತಿ ತುಂಡಾಗಿಲ್ಲ ಎಂದು ತಿಳಿಯುವುದು.

"ಹರದ್ರ ಹೊಸಾ ತಂತಿ ತಗೀಬೇಕಿತ್ತು" ಎಂದರು ಸಾವುಕಾರರು.

"ತಗದು? ತುಂಡು ನಿಮ್ಮ ತಕ್ಕಡಿಗೆ ಹಾಕಬೇಕಿತ್ತೇನು?"

ತುಂಡು ತಂತಿಯನ್ನು ನಾವು ಮನೆಯ ಒಲೆಗೆಂದು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತೇವೆ ಎಂಬ ಅನುಮಾನ ಅವರಿಗೆ ಹಿಂದಿನ ಚಳಿಗಾಲದಿಂದ ಇತ್ತು. ದಿನಾ ಸಂಜೆ ಒಬ್ಬೊಬ್ಬರ ತುಂಡುಗಳನ್ನು ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗುತ್ತಿದ್ದರು. ಹೆಚ್ಚು ತುಂಡು ಬಿದ್ದವರಿಗೆ, ಮನೆಗೊಯ್ಯಲೆಂದೇ ಹರಿದಿದ್ದಾರೆ ಎಂದು, ಎಲ್ಲರ ಮುಂದೆ ಬೈಗುಳ. ನಾನು ತೋರಿಸಿ ಬೈಸಿಕೊಳ್ಳುತ್ತಿದ್ದೆ. ಮುದುಕಿಗೆ ಆ ವಯಸ್ಸಿನಲ್ಲಿ ಬೈಸಿಕೊಳ್ಳುವುದು ಬೇಡವಾಗಿತ್ತು. ಆಕೆಯ ತಟ್ಟೆಯಲ್ಲಿ ತುಂಡೇ ಬೀಳುತ್ತಿರಲಿಲ್ಲ. ಆಕೆಯನ್ನು ನೋಡಿ ಕಲಿಯಿರಿ ಎಂದು ಸಾವುಕಾರರು ನಮಗೆ ಹೇಳುತ್ತಿದ್ದರು. ಒಂದಿಬ್ಬರು ಕಲಿತೂ ಇದ್ದರು, ಆ ಹೊತ್ತಿಗೆ ಅವರ ತಲೆ ಬಗ್ಗಿದ್ದು ನನಗೆ ಕಂಡಿತು.

"ಆಯೀ, ನಾಳಿಂದ ಬರಬ್ಯಾಡ" ಎಂದರು ಸಾವುಕಾರರು.

"ಆಕಿ ಒಬ್ಬಾಕಿನ ಬಿಡಿಸಿದ್ರ ಗಂಟು ನಿಲ್ಲೂದಿಲ್ರಿ" ಎಂದೆ. "ತೂಗೂದು ಬಿಡ್ರಿ, ನಿಲ್ಲತಾವ. ಕಾಸಿ ಅಳದು ಕಳಸ್ರಿ, ಯಾರ ಹಾಕಿದ್ರೂ ಸಿಗತಾವ."

ಅವರು ಆ ಎರಡು ಕಾಯಿಲನ್ನೂ ತಿರುವಿ ನೋಡಿದರು. ಮುದುಕಿಯನ್ನು ಬಿಡಿಸಲಿಲ್ಲ. ತೂಗುವುದನ್ನೂ ಬಿಡಲಿಲ್ಲ, ನಮ್ಮ ಮುಂದೆ ತೂಗುವುದನ್ನು ಮಾತ್ರ ಬಿಟ್ಟರು. ಅಳೆಯುವ ಕೆಲಸ ನನಗೆ ಬಂತು. ಮುದುಕಿಯ ಕಾಯಿಲ್‌ಗಳನ್ನೂ ನಾನೇ ಅಳೆಯಬೇಕಾಯಿತು, ಆಕೆ ದೀಪಾವಳಿಯವರೆಗೆ ನನ್ನ ಜೊತೆ ಮಾತಾಡಲಿಲ್ಲ.

ಹೊಸ ಕಾಯಿಲ್‌ಗಳನ್ನು ಕಾಸಿ ಅಳೆದು, ಅವನ್ನೂ ಮೀಟರುಗಳನ್ನೂ ಕಟ್ಟಿಕೊಂಡು ನಾನು ಮತ್ತೆ ಖಾನಾಪುರಕ್ಕೆ ಹೋದೆ. ಹಳೆಯವನ್ನೆಲ್ಲ ತೆಗೆದು ಹೊಸದನ್ನು ಹಾಕಿಬರುವುದು, ಸಂಜೆಯ ಗಾಡಿ ಹಿಡಿಯುವುದು, ಇಷ್ಟೇ ಕೆಲಸ. ವೈರ್‌ಮನ್ ಒಂದೆಡೆ ಹಳೆಯದನ್ನು ಬಿಚ್ಚುತ್ತಿದ್ದ. ಪೆಟ್ಟಿಗೆಯವಳು ಬಂದು ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಕೆಲಸ ಉಳಿದಿತ್ತು, ಆದರೂ ಮುಖದಲ್ಲಿ ನಗುವಿರಲಿಲ್ಲ.

"ಅಕ್ಕಾರ, ಒಂದು ಕೇಳತೀನಿ. ಅವತ್ತು ನಿಮಗ ಆ ಗಂಟು ಸಿಗಲಿಲ್ಲಂದ್ರ, ನನ್ನ ಹೆಸರು ಹೇಳಿ ಹೋಗತಿದ್ರಿ. ಹೌದೋ ಅಲ್ಲೋ?"

"ಹೌದು" ಎಂದೆ. "ನಿನ್ನದರ, ಅವನದರ."

ಆಕೆ ನನ್ನ ಕೈಯಲ್ಲಿದ್ದ ಹೊಸ ಕಾಯಿಲ್ ಕಡೆ ಬೆರಳು ತೋರಿಸಿದಳು.

"ಇವನ್ನ ಯಾರು ಅಳದಾರ?"

"ನಾನ."

"ನಾ ನೋಡಿಲ್ಲಲ್ಲ. ನನ್ನ ಮುಂದ ಅಳೀರಿ. ಕಾಸಿ ಆರಿಸಿ, ಕಾಸಿ ಆರಿಸಿ, ಅಂವ ಅವತ್ತು ಮಾಡಿದಂಗ."

"ಎಲ್ಲಾವೂ? ಗಾಡಿ ತಪ್ಪತೈತವಾ."

"ಎಲ್ಲಾವೂ" ಎಂದಳು.

ವೈರ್‌ಮನ್ ಬೆನ್ನು ತಿರುಗಿಸಿ ನಗುತ್ತಿದ್ದದ್ದು ಅವನ ಭುಜದಲ್ಲೇ ಗೊತ್ತಾಗುತ್ತಿತ್ತು. ನಾನು ಚೀಲದಿಂದ ಮೀಟರುಗಳನ್ನು ತೆಗೆದೆ. ಆಂಪಿಯರ್ ಮೀಟರಿನ ಮುಖವನ್ನು ಆಕೆಯ ಕಡೆಗೆ ತಿರುಗಿಸಿ ಇಟ್ಟು, ಸಣ್ಣ ಗೆರೆ ಎಣಿಸುವುದು ಹೇಗೆಂದು ತೋರಿಸಿ, ಮೊದಲನೆಯ ಕಾಯಿಲ್ ಕಟ್ಟಿದೆ.